ಸಗಟು ಸ್ತೋತ್ರ ಸಾಕು, ಚಿಲ್ಲರೆ ಸ್ತೋತ್ರ ಕಲಿಯೋಣ: ದಿನದಿನದ ಕೃಪೆಯನ್ನು ಗಮನಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಾನೊಂದು ಸ್ತೋತ್ರದ ನೋಟ್‌ಬುಕ್ ಶುರು ಮಾಡಿದ್ದೆ. ದಿನಾ ರಾತ್ರಿ ದೇವರ ಉಪಕಾರಗಳನ್ನು ಅದರಲ್ಲಿ ಬರೆಯಬೇಕು ಅಂತ ಲೆಕ್ಕ. ತಿಂಗಳ ಕೊನೆಯಲ್ಲಿ ಪುಟ ತಿರುವಿದರೆ ಸತತ 19 ದಿನ ಒಂದೇ ಸಾಲು: "ಆರೋಗ್ಯ, ಕುಟುಂಬ, ಕೆಲಸ." ಅಕ್ಷರವೂ ದಿನದಿಂದ ದಿನಕ್ಕೆ ಸಣ್ಣದಾಗಿತ್ತು. 20ನೇ ದಿನದಿಂದ ಪುಟವೇ ಖಾಲಿ.

ಸೋಮಾರಿತನ ಅಂತ ನನ್ನನ್ನು ನಾನೇ ಬೈದುಕೊಂಡೆ. ಆದರೆ ತಪ್ಪು ಅಲ್ಲಿರಲಿಲ್ಲ. ನಾನು ಸ್ತೋತ್ರ ಹೇಳುತ್ತಿದ್ದೆ, ಕಳೆದ ದಿನವನ್ನು ಮಾತ್ರ ನೋಡುತ್ತಿರಲಿಲ್ಲ. "ಕರ್ತನೇ, ನಿನ್ನ ಎಲ್ಲಾ ಉಪಕಾರಗಳಿಗಾಗಿ ಸ್ತೋತ್ರ" ಅಂತ ಪ್ರಾರ್ಥನೆಯ ಮೊದಲ ಸಾಲಲ್ಲೇ ಹೇಳಿ ಮುಗಿಸಿ, ನಾವು ಸೀದಾ ಬೇಡಿಕೆಗಳಿಗೆ ಹಾರುತ್ತೇವೆ ಅಲ್ವಾ? ಇದನ್ನು ನಾನು ಸಗಟು ಸ್ತೋತ್ರ ಎನ್ನುತ್ತೇನೆ. ಎಲ್ಲವನ್ನೂ ಮೂಟೆ ಕಟ್ಟಿ ಒಂದೇ ಸಲ ಒಪ್ಪಿಸಿಬಿಡುವುದು. ಒಳಗೆ ಏನೇನಿದೆ ಎಂದು ಕಟ್ಟಿದವನಿಗೇ ಗೊತ್ತಿರುವುದಿಲ್ಲ.

ಚಿಲ್ಲರೆ ಸ್ತೋತ್ರ ಬೇರೆ. ಒಂದೊಂದನ್ನೇ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಹೆಸರು ಹಿಡಿದು ಹೇಳುವುದು. 136ನೇ ಕೀರ್ತನೆಯನ್ನು ತೆಗೆದು ನೋಡಿ. ಒಟ್ಟು 26 ವಚನ. ಪ್ರತಿ ವಚನದ ಕೊನೆಗೂ ಆತನ ಕೃಪೆ ಶಾಶ್ವತ ಎಂಬ ಅದೇ ಪಲ್ಲವಿ. ಸೂರ್ಯನಿಗೆ ಒಂದು ಸಲ, ಚಂದ್ರ ನಕ್ಷತ್ರಗಳಿಗೆ ಇನ್ನೊಂದು ಸಲ. ಸಮುದ್ರ ಎರಡು ಭಾಗವಾದದ್ದಕ್ಕೆ ಒಂದು, ಅದರ ನಡುವೆ ದಾಟಿ ಬಂದದ್ದಕ್ಕೆ ಮತ್ತೊಂದು. ನನ್ನಂಥ ಅವಸರದವನ ಕೈಗೆ ಕೊಟ್ಟಿದ್ದರೆ ಇಡೀ ಕೀರ್ತನೆ ನಾಲ್ಕು ವಚನಕ್ಕೆ ಮುಗಿಯುತ್ತಿತ್ತು.

ಕೆಳಗೆ ಬರೆದಿರುವುದು ಈ ಚಿಲ್ಲರೆ ಸ್ತೋತ್ರವನ್ನು ರೂಢಿ ಮಾಡಿಕೊಳ್ಳುವ ದಾರಿ. ದಿನಕ್ಕೆ ಹತ್ತು ನಿಮಿಷ ಸಾಕು. ನೀವು ಯಾವ ಸಭೆಯವರಾದರೂ ಇದು ಹೊಂದುತ್ತದೆ.

ಶುರು ಮಾಡುವ ಮುಂಚೆ: ನೋಟ ಮೊದಲು, ಮಾತು ಆಮೇಲೆ

ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಬರುತ್ತದೆ. ಯಾಜಕರ ಬಳಿ ಹೋಗಿ ತೋರಿಸಿಕೊಳ್ಳಿ ಎಂದು ಯೇಸು ಹೇಳುತ್ತಾನೆ. ಅವರು ಹೋಗುತ್ತಿರುವಾಗಲೇ ವಾಸಿಯಾಗುತ್ತದೆ. ಒಬ್ಬ ಮಾತ್ರ ತಿರುಗಿ ಬರುತ್ತಾನೆ, ಅವನು ಸಮಾರ್ಯದವನು. ಈ ಭಾಗದ ಪ್ರಸಂಗಗಳಲ್ಲಿ ಉಳಿದ ಒಂಬತ್ತು ಮಂದಿಗೆ ಚೆನ್ನಾಗಿ ಬೈಗುಳ ಬೀಳುತ್ತದೆ. ನನ್ನ ಕಣ್ಣು ಮಾತ್ರ 15ನೇ ವಚನದ ಒಂದು ಮಾತಿನ ಮೇಲೆ ನಿಲ್ಲುತ್ತದೆ: ಅವನು ತನಗೆ ವಾಸಿಯಾದದ್ದನ್ನು *ನೋಡಿ* ಹಿಂದಿರುಗಿದ. ದಾರಿಯಲ್ಲಿ ನಡೆಯುತ್ತಾ ತನ್ನ ಕೈ ಕಾಲುಗಳ ಕಡೆ ಒಂದು ಸಲ ಕಣ್ಣು ಹಾಯಿಸಿರಬೇಕು. ಸ್ತೋತ್ರ ಹುಟ್ಟಿದ್ದು ಆ ನೋಟದಲ್ಲಿ.

ಗ್ರೀಕ್ ಭಾಷೆಯಲ್ಲಿ ಕೃಪೆಗೆ 'ಖಾರಿಸ್' ಎನ್ನುತ್ತಾರೆ. ಕೃತಜ್ಞತೆಗೆ 'ಯೂಖಾರಿಸ್ತಿಯಾ'. ಎರಡನೆಯ ಪದದ ಹೊಟ್ಟೆಯೊಳಗೇ ಮೊದಲನೆಯದು ಇದೆ. ಹಲವು ಸಭೆಗಳು ಪ್ರಭುಭೋಜನವನ್ನು ಕರೆಯುವುದೂ ಇದೇ ಹೆಸರಿನಿಂದ. ಹಾಗಾಗಿ ಬಲವಂತದಿಂದ ಕೃತಜ್ಞತೆ ತಂದುಕೊಳ್ಳಲು ಹೆಣಗಬೇಡಿ. ಕೃಪೆ ಕಣ್ಣಿಗೆ ಬಿದ್ದರೆ ಅದು ತಾನಾಗಿ ಬರುತ್ತದೆ.

ಹಂತ 1: ಹೊತ್ತು ಗೊತ್ತು ಮಾಡಿಕೊಳ್ಳಿ

ಇದನ್ನು ಬೇಗ ಮುಗಿಸೋಣ. ದಿನದಲ್ಲಿ ಈಗಾಗಲೇ ತಪ್ಪದೆ ಮಾಡುವ ಒಂದು ಕೆಲಸ ಆರಿಸಿಕೊಳ್ಳಿ: ಹಲ್ಲುಜ್ಜುವುದು, ಬಾಗಿಲಿಗೆ ಚಿಲಕ ಹಾಕುವುದು, ದೀಪ ಆರಿಸುವುದು. ಅದಾದ ಕೂಡಲೇ ಹತ್ತು ನಿಮಿಷ ಕುಳಿತುಕೊಳ್ಳಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ರಾತ್ರಿ ಕುಳಿತ ತಕ್ಷಣ ನಿದ್ದೆ ಬರುವವರು ಬೆಳಗ್ಗೆ ಎದ್ದು ಹಿಂದಿನ ದಿನವನ್ನು ನೋಡಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹತ್ತು ನಿಮಿಷ ಸಿಗುವುದಿಲ್ಲ, ನನಗೆ ಗೊತ್ತು. ಮೂರು ನಿಮಿಷ ಸಿಕ್ಕರೂ ನಡೆಯುತ್ತದೆ.

ಹಂತ 2: "ಇದೇನು?" ಅಂತ ಕೇಳಿ

ಈ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ವಿಮೋಚನಕಾಂಡ 16ರಲ್ಲಿ ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ಆಹಾರ ಸಿಗುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಮಂಜಿನ ಹಳಕುಗಳ ಹಾಗೆ ಸಣ್ಣಗೆ ಏನೋ ಬಿದ್ದಿತ್ತು. ದೇವರು ಕೊಟ್ಟ ಊಟ ಕಾಲಬುಡದಲ್ಲೇ ಇತ್ತು, ಅವರಿಗೆ ಗುರುತು ಸಿಗಲಿಲ್ಲ. "ಇದೇನು?" ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರು. ಆ ಪ್ರಶ್ನೆಯೇ ಅದಕ್ಕೆ ಹೆಸರಾಯಿತು: ಮನ್ನ. ಅವರು 40 ವರ್ಷ ತಿಂದದ್ದು ಒಂದು ಪ್ರಶ್ನೆಯನ್ನು ಅಂದರೂ ತಪ್ಪಿಲ್ಲ.

ದಿನದಿನದ ಕೃಪೆ ಹೀಗೇ ಇರುತ್ತದೆ. ಹಣೆಪಟ್ಟಿ ಅಂಟಿಸಿಕೊಂಡು ಬರುವುದಿಲ್ಲ. ಸಣ್ಣದಾಗಿ, ನೆಲದ ಮೇಲೆ, ಬಗ್ಗಿ ನೋಡಿದವರಿಗೆ ಸಿಗುತ್ತದೆ.

ಮಾಡುವುದು ಹೇಗೆ? ಕಣ್ಣು ಮುಚ್ಚಿ ಕಳೆದ ದಿನವನ್ನು ಎದ್ದ ಗಳಿಗೆಯಿಂದ ಗಂಟೆ ಗಂಟೆಯಾಗಿ ನೋಡುತ್ತಾ ಬನ್ನಿ. ಸಿನಿಮಾ ನೋಡಿದ ಹಾಗೆ. ಎಲ್ಲಿ ಮನಸ್ಸು ಒಂದು ಕ್ಷಣ ಹಗುರವಾಯಿತು? ಯಾರು ನೀವು ಕೇಳದೆಯೇ ಏನಾದರೂ ಮಾಡಿದರು? ಆಗಬಹುದಾಗಿದ್ದ ಯಾವ ಅನಾಹುತ ಆಗಲಿಲ್ಲ? ಬಾಯಿಗೆ ಬಂದಿದ್ದ ಯಾವ ಕಟು ಮಾತನ್ನು ನೀವು ನುಂಗಿಕೊಂಡಿರಿ? ಈ ಕೊನೆಯದನ್ನು ಜನ ಕೃಪೆ ಅಂತ ಲೆಕ್ಕ ಹಿಡಿಯುವುದೇ ಇಲ್ಲ. ತಮ್ಮದೇ ಜಾಣತನ ಅಂದುಕೊಳ್ಳುತ್ತಾರೆ. ಅಂಥ ಪ್ರತಿ ಜಾಗದಲ್ಲಿ ನಿಂತು "ಇದೇನು?" ಎಂದು ಕೇಳಿ. ಉತ್ತರಕ್ಕೆ ಅವಸರ ಬೇಡ.

ಇದು ನಾನು ಕಂಡುಹಿಡಿದ ಪದ್ಧತಿಯಲ್ಲ. 16ನೇ ಶತಮಾನದಲ್ಲಿ ಕ್ಯಾಥೊಲಿಕ್ ಸಭೆಯ ಜೆಸ್ವಿಟ್ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಅವರು ಎಕ್ಸಾಮೆನ್ ಎಂಬ ಐದು ಅಂಗದ ಪ್ರಾರ್ಥನೆಯನ್ನು ಕಲಿಸಿದರು. ಅದಿರುವ ಅವರ ಸಾಧನೆಯ ಕೈಪಿಡಿಗೆ ಪೋಪ್ ಮೂರನೇ ಪೌಲ್ 1548ರಲ್ಲಿ ಒಪ್ಪಿಗೆ ಕೊಟ್ಟರು. ದಿನದ ಕೊನೆಯ ಆತ್ಮಪರೀಕ್ಷೆ ಅಂದರೆ ಪಾಪಗಳ ಲೆಕ್ಕ ತೆಗೆಯುವುದು ಅಂತ ನಾವು ಅಂದುಕೊಳ್ಳುತ್ತೇವೆ. ಅವರ ಐದು ಅಂಗಗಳಲ್ಲಿ ಮೊದಲನೆಯದು ಪಾಪವಲ್ಲ, ಪಡೆದ ಉಪಕಾರಗಳಿಗಾಗಿ ಸ್ತೋತ್ರ. ಪಾಪದ ಸರದಿ ಆಮೇಲೆ. ಈ ಕ್ರಮ ಮುಖ್ಯ ಅಂತ ನನಗೆ ಅನುಭವದಿಂದ ಗೊತ್ತಾಗಿದೆ. ಮೊದಲು ತಪ್ಪುಗಳಿಗೆ ಕೈ ಹಾಕಿದ ದಿನ ನನಗೆ ನಾನು ಮಾತ್ರ ಕಾಣುತ್ತೇನೆ.

ಹಂತ 3: ಸಣ್ಣದಾಗಿಸಿ, ಇನ್ನೂ ಸಣ್ಣದಾಗಿಸಿ

ಕಂಡದ್ದನ್ನು ಈಗ ಮಾತಿಗೆ ತರಬೇಕು. "ನನ್ನ ಕುಟುಂಬಕ್ಕಾಗಿ ಸ್ತೋತ್ರ" ಎಂದಿರಾ? ಅದನ್ನು ಒಡೆಯಿರಿ. ಕುಟುಂಬದಲ್ಲಿ ಯಾರು? ಇವತ್ತು ಏನು ಮಾಡಿದರು? ಎಷ್ಟು ಹೊತ್ತಿಗೆ? "ನಾನು ಸಿಡುಕಿದ ಮೇಲೂ ತಂಗಿ ಸಂಜೆ ಏನೂ ಆಗದವಳ ಹಾಗೆ ಬಂದು ಪಕ್ಕದಲ್ಲಿ ಕುಳಿತಳು, ಅದಕ್ಕೆ ಸ್ತೋತ್ರ." ಈಗ ಅದು ಸ್ತೋತ್ರದ ಹಾಗಿದೆ. "ಆರೋಗ್ಯಕ್ಕಾಗಿ ಸ್ತೋತ್ರ" ಎನ್ನುವ ಬದಲು "ಮೆಟ್ಟಿಲು ಹತ್ತುವಾಗ ಇವತ್ತು ಮಂಡಿ ನೋಯಲಿಲ್ಲ" ಎನ್ನಿ. "ಕೆಲಸಕ್ಕಾಗಿ" ಎನ್ನುವ ಬದಲು "ನಾನು ಲೆಕ್ಕದಲ್ಲಿ ಮಾಡಿದ ತಪ್ಪನ್ನು ಜೊತೆಯವರು ಎಲ್ಲರೆದುರು ಹೇಳದೆ, ಪಕ್ಕಕ್ಕೆ ಕರೆದು ಹೇಳಿದರು" ಎನ್ನಿ.

ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಇದೇ ಸಾಲನ್ನು ನಿನ್ನೆಯೂ ಬರೆಯಬಹುದಿತ್ತಾ? ಹೌದು ಅಂದರೆ ಅದಿನ್ನೂ ಸಗಟು. ಇವತ್ತಿಗೆ ಮಾತ್ರ ಸಲ್ಲುವ ಸಾಲು ಬರುವವರೆಗೆ ಒಡೆಯುತ್ತಾ ಹೋಗುತ್ತೇನೆ.

ಎಷ್ಟು ಬೇಕು? ಮೂರು ಸಾಕು. ಹತ್ತು ಬರೆಯಲು ಹೋದರೆ ನಾಲ್ಕರಿಂದ ಮುಂದೆ ಸುಮ್ನೆ ಭರ್ತಿ.

ಹಂತ 4: ಇಲ್ಲದಿದ್ದರೆ ಹೇಗಿರುತ್ತಿತ್ತು ಅಂತ ನೋಡಿ

ಮನ್ನದ ಕಥೆಗೆ ಎರಡನೇ ಭಾಗವೊಂದಿದೆ. ಅದನ್ನು ಮಕ್ಕಳಿಗೆ ಅಷ್ಟಾಗಿ ಹೇಳುವುದಿಲ್ಲ. ಅರಣ್ಯಕಾಂಡ 11ಕ್ಕೆ ಬರುವಷ್ಟರಲ್ಲಿ ಅದೇ ಜನ, ಎಲ್ಲಿ ನೋಡಿದರೂ ಈ ಮನ್ನವೇ, ಬೇರೇನೂ ಇಲ್ಲ ಎಂದು ಗೊಣಗುತ್ತಾರೆ. ಒಂದು ಕಾಲಕ್ಕೆ "ಇದೇನು?" ಎಂದು ಬೆರಗಾಗಿದ್ದವರು ಈಗ "ಇದೇನಾ?" ಎನ್ನುತ್ತಿದ್ದಾರೆ. ನೆಲದ ಮೇಲೆ ಬಿದ್ದದ್ದು ಬದಲಾಗಿರಲಿಲ್ಲ, ಕಣ್ಣಿಗೆ ರೂಢಿಯಾಗಿತ್ತು.

ರೂಢಿಯಾದದ್ದನ್ನು ಮತ್ತೆ ಕಾಣಲು ಒಂದು ಉಪಾಯವಿದೆ. ವಾರಕ್ಕೊಮ್ಮೆ, ದಿನಾ ಇರುವ ಒಂದನ್ನು ಮನಸ್ಸಿನಲ್ಲೇ ತೆಗೆದುಹಾಕಿ. ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ ಅಂದುಕೊಳ್ಳಿ. ಒಬ್ಬ ಗೆಳೆಯನನ್ನು ನೀವು ಭೇಟಿಯೇ ಆಗಿರಲಿಲ್ಲ ಅಂದುಕೊಳ್ಳಿ. ಆ ದಿನ, ಆ ಕೋಣೆಗೆ ನೀವು ಹೋಗದಿದ್ದರೆ ಆಗುತ್ತಿತ್ತಲ್ಲ? ಅಲ್ಲಿಂದ ಮುಂದಿನ ವರ್ಷಗಳು ಹೇಗಿರುತ್ತಿದ್ದವು? ಐದು ನಿಮಿಷ ಹಾಗೇ ಇದ್ದು ಕಣ್ಣು ತೆರೆಯಿರಿ. ಆತಂಕದ ಸ್ವಭಾವದವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಕಳೆದುಕೊಳ್ಳುವ ಕಲ್ಪನೆ ಅವರಿಗೆ ಈಗಾಗಲೇ ಜಾಸ್ತಿ ಇರುತ್ತದೆ. ನೀವು ಅಂಥವರಾದರೆ ಈ ಹಂತ ಬಿಟ್ಟುಬಿಡಿ.

ಹಂತ 5: ಹೇಳಿ, ಗಟ್ಟಿಯಾಗಿ ಹೇಳಿ, ಮನುಷ್ಯರಿಗೂ ಹೇಳಿ

ತಿರುಗಿ ಬಂದ ಆ ಸಮಾರ್ಯದವನು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾಗಲಿಲ್ಲ. ಮಹಾಶಬ್ದದಿಂದ ದೇವರನ್ನು ಕೊಂಡಾಡಿದ. ಒಬ್ಬರೇ ಇರುವಾಗ ಒಂದು ಸಾಲನ್ನಾದರೂ ಬಾಯಿ ಬಿಟ್ಟು ಹೇಳಿ. ಮೊದಲ ವಾರ ಮುಜುಗರವಾಗುತ್ತದೆ. ಆದರೆ ಮನಸ್ಸಿನಲ್ಲಿ ಹೇಳಿದ್ದು ಅರ್ಧಕ್ಕೇ ಜಾರಿ ನಾಳಿನ ಕೆಲಸಗಳ ಕಡೆ ಹೋಗುತ್ತದೆ. ಬಾಯಲ್ಲಿ ಹೇಳಿದ್ದು ಪೂರ್ತಿಯಾಗುತ್ತದೆ.

ಇನ್ನು ಮನುಷ್ಯರ ವಿಷಯ. "ದೇವರಿಗೆ ಸ್ತೋತ್ರ" ಎಂದು ಹೇಳಿ, ಆ ಉಪಕಾರವನ್ನು ಹೊತ್ತು ತಂದವರಿಗೆ ಒಂದು ಮಾತೂ ಹೇಳದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬ. ಮಹಿಮೆಯೆಲ್ಲ ದೇವರಿಗೇ ಸಲ್ಲಬೇಕು ಎಂಬ ನೆಪ ಬೇರೆ. ಪೌಲನಿಗೆ ಈ ಹಿಂಜರಿಕೆ ಇರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ 20ಕ್ಕೂ ಹೆಚ್ಚು ಜನರಿಗೆ ಹೆಸರು ಹಿಡಿದು ವಂದನೆ ಹೇಳುತ್ತಾನೆ. ತನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದ ಪ್ರಿಸ್ಕಿಲ್ಲ ಮತ್ತು ಅಕ್ವಿಲ್ಲರಿಗೆ ಉಪಕಾರ ಹೇಳುವಾಗ ಅವನು ಬಳಸುವ ಗ್ರೀಕ್ ಕ್ರಿಯಾಪದ ದೇವರಿಗೆ ಕೃತಜ್ಞತೆ ಹೇಳುವಾಗ ಬಳಸುವ ಅದೇ ಕ್ರಿಯಾಪದ.

ಹಾಗಾಗಿ ವಾರಕ್ಕೆ ಒಬ್ಬರಿಗೆ ಹೇಳಿ. ಏನು ಮಾಡಿದರು, ಅದರಿಂದ ನಿಮಗೇನಾಯಿತು ಎಂದು ಎರಡೇ ವಾಕ್ಯ. "ಅಕ್ಕ, ಆಸ್ಪತ್ರೆಯಲ್ಲಿ ನೀವು ಏನೂ ಮಾತಾಡದೆ ಪಕ್ಕದಲ್ಲಿ ಕುಳಿತಿದ್ದಿರಿ. ಅವತ್ತು ನನಗೆ ಅದೇ ಬೇಕಾಗಿತ್ತು." ಹೊಗಳಿಕೆ ಸೇರಿಸಬೇಡಿ, ಬೈಬಲ್ ವಚನವನ್ನೂ ಅಂಟಿಸಬೇಡಿ. ಹತ್ತು ವರ್ಷದ ಹಿಂದಿನ ಉಪಕಾರವಾದರೂ ಪರವಾಗಿಲ್ಲ. ತಡವಾಗಿ ಹೇಳಿದ್ದಕ್ಕೆ ಕ್ಷಮೆ ಕೇಳುತ್ತಾ ಮಾತನ್ನು ಉದ್ದ ಮಾಡುವುದೂ ಬೇಡ.

ಅಂದ ಹಾಗೆ, ಪೌಲನ ಪತ್ರಗಳಲ್ಲಿ ವಂದನೆಯಾದ ಕೂಡಲೇ ಓದುಗರಿಗಾಗಿ ದೇವರಿಗೆ ಸ್ತೋತ್ರ ಬರುವುದು ವಾಡಿಕೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದಿಲ್ಲ. ಅವನಿಗೆ ಅವರ ಮೇಲೆ ಕೋಪವಿತ್ತು, ನೇರವಾಗಿ ವಿಷಯಕ್ಕೆ ಬಂದ. ಬಾರದ ಕೃತಜ್ಞತೆಯನ್ನು ನಟಿಸಬೇಕಾಗಿಲ್ಲ ಎಂಬುದಕ್ಕೆ ನಾನು ಈ ಪತ್ರವನ್ನು ಆಗಾಗ ನೆನೆಯುತ್ತೇನೆ.

ಹಂತ 6: ಬರೆದಿಡಿ, ಆದರೆ ನೋಟ್‌ಬುಕ್ಕಿಗೆ ಸೇವೆ ಮಾಡಬೇಡಿ

ಮನ್ನವನ್ನು ಮರುದಿನಕ್ಕೆ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಆದರೆ ಒಂದು ಓಮೆರ್ ಅಳತೆಯಷ್ಟನ್ನು ಮಾತ್ರ ಪಾತ್ರೆಯಲ್ಲಿ ತುಂಬಿ ಮುಂದಿನ ಪೀಳಿಗೆಯವರು ನೋಡಲಿ ಎಂದು ಇಡಿಸಲಾಯಿತು. ನೋಟ್‌ಬುಕ್ ಎಂದರೆ ಆ ಪಾತ್ರೆ. ಕಷ್ಟದ ಕಾಲದಲ್ಲಿ ತೆರೆದು ನೋಡಲು ಸ್ವಲ್ಪ ಎತ್ತಿಟ್ಟದ್ದು.

ದಿನಾಂಕ ಹಾಕಿ, ಮೂರು ಸಾಲು ಬರೆಯಿರಿ. ಹೆಸರುಗಳನ್ನು ಬರೆಯಿರಿ. ಚೆಂದದ ಡೈರಿ ಬೇಡ, ಚೆಂದದ ಡೈರಿಯಲ್ಲಿ ಚೆಂದದ ಸುಳ್ಳುಗಳು ಬರುತ್ತವೆ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪು ಉಪಕಾರಗಳನ್ನು ಬರೆಯುತ್ತಿತ್ತು, ಇನ್ನೊಂದು ಕಿರಿಕಿರಿಗಳನ್ನು. ಉಪಕಾರ ಬರೆದವರಲ್ಲಿ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಕಂಡುಬಂತು. ಅವರ ಮೊದಲ ಪ್ರಯೋಗದಲ್ಲಿ ಜನ ಬರೆದದ್ದು ವಾರಕ್ಕೊಮ್ಮೆ ಮಾತ್ರ. ದಿನಾ ಬರೆಯುವುದು ಹೊರೆ ಎನಿಸಿದರೆ ನೀವೂ ಹಾಗೇ ಮಾಡಿ. ದಿನಾ ನೋಡಿ, ಭಾನುವಾರ ಬರೆಯಿರಿ.

ತಿಂಗಳಿಗೊಮ್ಮೆ ಹಿಂದಿನ ಪುಟಗಳನ್ನು ಓದಿ. ಬರೆಯುವುದಕ್ಕಿಂತ ಇದರಲ್ಲೇ ಲಾಭ ಹೆಚ್ಚು. ಆವತ್ತು ಸಣ್ಣದೆನಿಸಿದ್ದು ಯಾವುದಕ್ಕೋ ಬಾಗಿಲಾಗಿತ್ತು ಎಂದು ಆಗ ತಿಳಿಯುತ್ತದೆ. ಒಂದೇ ವ್ಯಕ್ತಿಯ ಹೆಸರು ಏಳೆಂಟು ಸಲ ಬಂದಿರುವುದೂ ಕಾಣುತ್ತದೆ. ಅವರಿಗೆ ಇನ್ನೂ ಏನೂ ಹೇಳಿಲ್ಲವಾದರೆ ಐದನೇ ಹಂತಕ್ಕೆ ಹೋಗಿ.

ಹಂತ 7: ಕೆಟ್ಟ ದಿನಗಳಲ್ಲಿ

ಇಲ್ಲಿ ಸಭೆಗಳಲ್ಲಿ ಬಹಳ ಗಾಯಗಳಾಗಿವೆ. ಮಗು ತೀರಿಕೊಂಡ ಮನೆಗೆ ಹೋಗಿ "ಎಲ್ಲದಕ್ಕೂ ಸ್ತೋತ್ರ ಹೇಳಬೇಕು" ಎಂದವರನ್ನು ಕಂಡಿದ್ದೇನೆ. ಹಾಗೆ ಹೇಳಬೇಡಿ. ದಯವಿಟ್ಟು.

1 ಥೆಸಲೊನೀಕ 5:18 ಹೇಳುವುದು ಎಲ್ಲಾ ಪರಿಸ್ಥಿತಿಗಳ *ಒಳಗೆ* ಕೃತಜ್ಞತೆ ಸಲ್ಲಿಸಿ ಎಂದು. ಕೆಟ್ಟದ್ದು ಆದದ್ದಕ್ಕಾಗಿ ಸಂತೋಷಪಡಿ ಎಂದಲ್ಲ. ಎಫೆಸ 5:20 ಎಲ್ಲದಕ್ಕಾಗಿ ಎನ್ನುತ್ತದಲ್ಲ ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಆದರೆ ಅದೇ ಅಧ್ಯಾಯ ಕತ್ತಲೆಯ ಕೆಲಸಗಳನ್ನು ಬಯಲಿಗೆಳೆಯಿರಿ ಎಂದೂ ಹೇಳುತ್ತದೆ. ಬಯಲಿಗೆಳೆಯಬೇಕಾದದ್ದಕ್ಕೆ ಸ್ತೋತ್ರ ಹೇಳಿ ಕೂತುಬಿಡಿ ಎಂದು ಪೌಲ ಹೇಳುತ್ತಿದ್ದಾನೆ ಅಂತ ನಾನು ಒಪ್ಪಲಾರೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ಬೇಕಾದದ್ದು ಸ್ತೋತ್ರದ ಪಾಠವಲ್ಲ, ಸುರಕ್ಷಿತವಾದ ಜಾಗ.

ನನಗೆ ಸಹಾಯ ಮಾಡಿರುವುದು ಯೋಹಾನ 11. ಲಾಜರನ ಸಮಾಧಿಯ ಹತ್ತಿರ 35ನೇ ವಚನದಲ್ಲಿ ಯೇಸು ಕಣ್ಣೀರು ಬಿಡುತ್ತಾನೆ. 41ನೇ ವಚನದಲ್ಲಿ ತಂದೆಗೆ ಸ್ತೋತ್ರ ಹೇಳುತ್ತಾನೆ. ನಡುವೆ ಐದೇ ವಚನ. ಅಳು ಮೊದಲು ಬಂತು, ಸ್ತೋತ್ರ ಅದನ್ನು ಅಳಿಸಲಿಲ್ಲ. ಅವನು ಸ್ತೋತ್ರ ಹೇಳಿದ್ದು ಲಾಜರನ ಸಾವಿಗಲ್ಲ, ತಂದೆ ತನಗೆ ಕಿವಿಗೊಟ್ಟದ್ದಕ್ಕೆ.

ಕೆಟ್ಟ ದಿನದ ಕ್ರಮ ಹೀಗೆ. ಮೊದಲು ದೂರು ಹೇಳಿ, ಮುಚ್ಚುಮರೆ ಇಲ್ಲದೆ. 13ನೇ ಕೀರ್ತನೆ ಆರೇ ವಚನದಲ್ಲಿ ನಾಲ್ಕು ಸಲ "ಎಷ್ಟು ಕಾಲ?" ಎಂದು ಕೇಳುತ್ತದೆ. ಆಮೇಲೆ ಒಂದೇ ಒಂದು ಸಣ್ಣ ಕೃಪೆಯನ್ನು ಹುಡುಕಿ, ಮೂರು ಬೇಡ. ಆಪರೇಷನ್ ಥಿಯೇಟರಿನ ಹೊರಗೆ ಕಾಯುತ್ತಿದ್ದ ಒಂದು ರಾತ್ರಿ ನನಗೆ ಸಿಕ್ಕಿದ್ದು ಇಷ್ಟೇ: ಗುರುತಿಲ್ಲದ ಹಿರಿಯರೊಬ್ಬರು ತಮ್ಮ ಕುರ್ಚಿಯನ್ನು ನನ್ನ ಕಡೆ ಸರಿಸಿದರು. ಅದರ ಹೊರತು ಆ ರಾತ್ರಿಯ ಪುಟದಲ್ಲಿ ಏನೂ ಇಲ್ಲ. ಒಂದೂ ಸಿಗದಿದ್ದರೆ ಹಾಗೆಂದೇ ದೇವರಿಗೆ ಹೇಳಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಸತ್ಯವೇದದಲ್ಲೇ ಇದೆ.

ಇನ್ನೊಂದು ಮಾತು. 1944ರಲ್ಲಿ ನಾಜಿಗಳ ರಾವೆನ್ಸ್‌ಬ್ರುಕ್ ಸೆರೆಶಿಬಿರದಲ್ಲಿದ್ದ ಡಚ್ ಕ್ರೈಸ್ತ ಮಹಿಳೆ ಬೆಟ್ಸಿ ಟೆನ್ ಬೂಮ್ ತಮ್ಮ ಕೋಣೆಯ ಚಿಗಟಗಳಿಗೂ ದೇವರಿಗೆ ಸ್ತೋತ್ರ ಹೇಳಿದರು. ಚಿಗಟಗಳಿಗೆ ಹೆದರಿ ಕಾವಲಿನವರು ಒಳಗೆ ಬಾರದೆ ಇದ್ದದ್ದರಿಂದ ಅಲ್ಲಿ ಬೈಬಲ್ ಓದಲು ಆಯಿತು ಎಂದು ಆಮೇಲೆ ಗೊತ್ತಾಯಿತು. ತಂಗಿ ಕೊರಿಗೆ ಮೊದಲು ಅದು ಒಪ್ಪಿಗೆಯಾಗಿರಲಿಲ್ಲ ಎಂಬುದನ್ನು ಈ ಕಥೆ ಹೇಳುವವರು ಅವಸರದಲ್ಲಿ ದಾಟಿಬಿಡುತ್ತಾರೆ. ಬೆಟ್ಸಿ ಸ್ತೋತ್ರ ಹೇಳಿದ್ದು ತಮ್ಮನ್ನು ಕಚ್ಚುತ್ತಿದ್ದ ಚಿಗಟಗಳಿಗೆ. ಇನ್ನೊಬ್ಬರ ಹಾಸಿಗೆಯ ಚಿಗಟಗಳಿಗೆ ಸ್ತೋತ್ರ ಹೇಳಿಸುವ ಕೆಲಸ ನಮ್ಮದಲ್ಲ.

ಎಡವುವ ಜಾಗಗಳು

ಹೋಲಿಕೆಯ ಸ್ತೋತ್ರ ಎಲ್ಲಕ್ಕಿಂತ ಅಪಾಯ. ಲೂಕ 18ರ ಫರಿಸಾಯನ ಪ್ರಾರ್ಥನೆ ಶುರುವಾಗುವುದು ಸ್ತೋತ್ರದಿಂದಲೇ: ನಾನು ಬೇರೆಯವರ ಹಾಗಿಲ್ಲವಲ್ಲ, ಅದಕ್ಕೆ ಸ್ತೋತ್ರ. "ಅವರಿಗಿಂತ ನಾವು ಎಷ್ಟೋ ವಾಸಿ" ಎನ್ನುವ ನಮ್ಮ ಮಾತೂ ಅದರ ನೆಂಟನೇ. ಇನ್ನೊಬ್ಬರ ಕಷ್ಟ ನಿಮ್ಮ ಸ್ತೋತ್ರದ ಸಾಲಿನೊಳಗೆ ಬಂದಿದ್ದರೆ ಆ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯಿರಿ.

ಸಿಕ್ಕಿದ್ದೆಲ್ಲ ನನಗಾಗಿಯೇ ಏರ್ಪಾಡಾಯಿತು ಎಂದು ಹೇಳುವಾಗಲೂ ಎಚ್ಚರವಿರಲಿ. ನನಗೆ ಕೊನೆಯ ಸೀಟು ಸಿಕ್ಕಿತು ಅಂದರೆ ಇನ್ಯಾರಿಗೋ ಸಿಗಲಿಲ್ಲ. ಸ್ತೋತ್ರ ಹೇಳಿ, ವ್ಯಾಖ್ಯಾನ ಮಾತ್ರ ಬೇಡ. ಮತ್ತೆ, ಕಂಡ ಪ್ರತಿ ಕೃಪೆಯನ್ನೂ ಸ್ಟೇಟಸ್ ಹಾಕುವ ಚಟ ಬೇಡ. ಹಾಕತೊಡಗಿದರೆ ಹಾಕಲು ಚೆನ್ನಾಗಿರುವ ಕೃಪೆಗಳು ಮಾತ್ರ ಕಾಣುತ್ತವೆ.

ತಪ್ಪಿಹೋದ ದಿನಗಳು

ತಪ್ಪುತ್ತವೆ. ವಾರ ಹೋಗುತ್ತದೆ, ಕೆಲವೊಮ್ಮೆ ಎರಡು ತಿಂಗಳು. ಆಗ ಹಿಂದಿನ ಖಾಲಿ ಪುಟಗಳನ್ನು ನೆನಪಿನಿಂದ ತುಂಬಿಸಲು ಕೂರಬೇಡಿ. ನಿನ್ನೆಯ ಮನ್ನ ಕೆಟ್ಟಿರುತ್ತದೆ, ಇವತ್ತಿನದು ಹೊರಗೆ ಬಿದ್ದಿರುತ್ತದೆ. ಇವತ್ತಿನ ದಿನಾಂಕ ಹಾಕಿ. ಇದನ್ನು ಓದಲು ಕೂರುವ ಮುಂಚಿನ ಒಂದು ಗಂಟೆಯನ್ನು ಮಾತ್ರ ಹಿಂದಿರುಗಿ ನೋಡಿ, ಅದರಲ್ಲಿ ಒಂದೇ ಒಂದನ್ನು ಎತ್ತಿಕೊಂಡು "ಇದೇನು?" ಎಂದು ಕೇಳಿ.